ಕೀಲಿಗೆ ಇಂಜೆಕ್ಷನ್, ದಾರಿ ತೋರಿಸಲು ಎಂಆರ್‌ಐ: ಕಾಸರಗೋಡಿನ ಕಡೆಯವರಿಗೊಂದು ಮಾರ್ಗದರ್ಶಿ

"ಕೀಲಿಗೆ ಒಂದು ಇಂಜೆಕ್ಷನ್ ಹಾಕಿ ನೋಡುವ, ಎಂಆರ್‌ಐ ಕೂಡ ಬೇಕಾಗುತ್ತದೆ" ಎಂದು ಡಾಕ್ಟರು ಹೇಳಿದರೆ ನಮ್ಮ ಜನ ತಲೆಯಾಡಿಸಿ ಹೊರಗೆ ಬರುತ್ತಾರೆ. ಆಮೇಲೆ ಸ್ಕ್ಯಾನಿಂಗ್ ಸೆಂಟರಿನ ಟೆಕ್ನಿಷಿಯನ್ ಹತ್ತಿರ ಕೇಳುತ್ತಾರೆ: "ಇಂಜೆಕ್ಷನ್ ಎಲ್ಲಿಗೆ ಹಾಕುವುದು? ಕೈಗಾ, ಸೊಂಟಕ್ಕಾ?" ನಾನು ಅಂಥ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದವ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದಿಂದ ಬಂದವರ ಇಂಥ ಪ್ರಶ್ನೆಗಳಿಗೆ ಬಾಗಿಲ ಹತ್ತಿರ ನಿಂತು, ಅವಸರದಲ್ಲಿ ಉತ್ತರ ಕೊಟ್ಟಿದ್ದೇನೆ. ಅದನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತೇನೆ. ಚಿಕಿತ್ಸೆ ಯಾವುದು ಎಂದು ತೀರ್ಮಾನಿಸುವವರು ನಿಮ್ಮ ಡಾಕ್ಟರೇ. ಆದರೆ ಏನು ಕೇಳಬೇಕು, ಏನು ಹೇಳಬೇಕು ಎಂಬುದು ನಿಮಗೆ ಗೊತ್ತಿರಬೇಕು.

ಮೊದಲ ಹೆಜ್ಜೆ: ಮೂರರಲ್ಲಿ ಯಾವುದು ಎಂದು ಕೇಳಿ

"ಎಂಆರ್‌ಐ ಇಂಜೆಕ್ಷನ್" ಎಂದು ನಮ್ಮಲ್ಲಿ ಕರೆಯುವುದು ಮೂರು ಬೇರೆ ಬೇರೆ ಕೆಲಸಗಳನ್ನು.

ಒಂದು, ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಮ್ ಎಂಬ ಔಷಧಿ ಕೊಟ್ಟು ಸ್ಕ್ಯಾನ್ ಮಾಡುವುದು. ಇದು ಬೇನೆ ಕಡಿಮೆ ಮಾಡಲಿಕ್ಕೆ ಅಲ್ಲ. ಉರಿಯೂತ ಇರುವ ಜಾಗ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣಲಿ ಎಂದು.

ಎರಡು, ಅದೇ ಗ್ಯಾಡೊಲಿನಿಯಮ್ ಅನ್ನು ತುಂಬಾ ತೆಳುಮಾಡಿ ಸೀದಾ ಕೀಲಿನೊಳಗೆ ತುಂಬಿಸಿ, ಆಮೇಲೆ ಸ್ಕ್ಯಾನ್ ಮಾಡುವುದು. ಇದಕ್ಕೆ ಎಂಆರ್ ಆರ್ತ್ರೋಗ್ರಾಮ್ ಎನ್ನುತ್ತಾರೆ. ಬಾಟಲಿಯಲ್ಲಿರುವ ಔಷಧಿಯನ್ನು ಸುಮಾರು 200ರಿಂದ 250 ಪಟ್ಟು ತೆಳು ಮಾಡುತ್ತಾರೆ. ಭುಜಕ್ಕಾದರೆ 10ರಿಂದ 15 ಮಿಲಿಲೀಟರ್ ಹಿಡಿಯುತ್ತದೆ. ಕೀಲಿನ ಚೀಲ ಉಬ್ಬಿದಾಗ ಒಳಗಿನ ಸಣ್ಣ ಹರುಕುಗಳು ಕಾಣುತ್ತವೆ. ಭುಜದ ಅಂಚಿನ ಮೆದು ಎಲುಬು ಹರಿದಿದೆಯಾ, ಸೊಂಟದ ಕೀಲಿನ ಅಂಚು ಹರಿದಿದೆಯಾ ಎಂದು ನೋಡಲು ಇದು ಬೇಕು. ಇದೂ ಚಿಕಿತ್ಸೆ ಅಲ್ಲ, ಪರೀಕ್ಷೆ.

ಮೂರನೆಯದು ಈ ಲೇಖನದ ವಿಷಯ. ಎಂಆರ್‌ಐ ಯಂತ್ರದೊಳಗೇ ರೋಗಿಯನ್ನು ಮಲಗಿಸಿ, ಚಿತ್ರ ನೋಡುತ್ತಾ ಸೂಜಿಯನ್ನು ಕೀಲಿಗೆ ಮುಟ್ಟಿಸಿ, ಉರಿಯೂತ ಇಳಿಸುವ ಸ್ಟೀರಾಯ್ಡ್, ಮರಗಟ್ಟಿಸುವ ಔಷಧಿ, ಅಥವಾ ಎರಡನ್ನೂ ಬಿಡುವುದು.

ನಿಮ್ಮ ಚೀಟಿಯಲ್ಲಿ ಬರೆದದ್ದು ಇವುಗಳಲ್ಲಿ ಯಾವುದು ಎಂದು ಡಾಕ್ಟರ ಹತ್ತಿರವೇ ಕೇಳಿ. ಈ ಒಂದು ಪ್ರಶ್ನೆ ಕೇಳದೆ, ಆರ್ತ್ರೋಗ್ರಾಮ್ ಮಾಡಿಸಿಕೊಂಡು "ಇಂಜೆಕ್ಷನ್ ಹಾಕಿದರೂ ಬೇನೆ ಹೋಗಲಿಲ್ಲ" ಎಂದು ಬೇಜಾರು ಮಾಡಿಕೊಂಡವರು ಇದ್ದಾರೆ. ಅದರಲ್ಲಿ ಬೇನೆಯ ಔಷಧಿಯೇ ಇರಲಿಲ್ಲ ಅಲ್ವಾ?

ಎರಡನೇ ಹೆಜ್ಜೆ: ಯಾವ ಕೀಲಿಗೆ ಯಾವ ದಾರಿ

ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹೊಸತೇನಲ್ಲ. 1951ರಲ್ಲೇ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೋಸೆಫ್ ಹಾಲಾಂಡರ್ ಎಂಬ ವೈದ್ಯರು ಸಂಧಿವಾತದ ಕೀಲುಗಳಿಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಹಾಕಿದ ಫಲಿತಾಂಶ ಪ್ರಕಟಿಸಿದ್ದರು. ಆಗ ಎಲ್ಲವೂ ಕೈ ಅಂದಾಜು. ಎಲುಬು ಮುಟ್ಟಿ ನೋಡಿ ಸೂಜಿ ಹಾಕುವುದು. ಈಗ ದಾರಿ ತೋರಿಸಲು ಅಲ್ಟ್ರಾಸೌಂಡ್ ಉಂಟು, ಸಿ-ಆರ್ಮ್ ಎಂಬ ಎಕ್ಸ್‌ರೇ ಉಂಟು, ಸಿಟಿ ಸ್ಕ್ಯಾನ್ ಉಂಟು, ಎಂಆರ್‌ಐ ಉಂಟು.

ಇಲ್ಲಿ ನನ್ನ ಮಾತು ಸ್ಪಷ್ಟ: ದೊಡ್ಡ ಯಂತ್ರದ ಹಿಂದೆ ಓಡಬೇಡಿ. ಹಾಗೆಂದು ಆಳದಲ್ಲಿರುವ ಕೀಲಿಗೆ ಕೈ ಅಂದಾಜಿನ ಸೂಜಿಗೂ ಒಪ್ಪಬೇಡಿ.

ಮೊಣಕಾಲಿಗೆ ಎಂಆರ್‌ಐ ದಾರಿ ತೋರಿಸುವ ಅಗತ್ಯವೇ ಇಲ್ಲ. ಅದು ಚರ್ಮದ ಕೆಳಗೇ ಸಿಗುವ ದೊಡ್ಡ ಕೀಲು. ಕುಳಿತು ಅಡಕೆ ಸುಲಿದು, ಗುಡ್ಡೆ ಹತ್ತಿಳಿದು ಮೊಣಕಾಲು ಸವೆಸಿಕೊಂಡವರು ನಮ್ಮಲ್ಲಿ ಎಷ್ಟೋ ಜನ. ಅವರಿಗೆ ಪಳಗಿದ ಕೈ ಸಾಕು, ಅಲ್ಟ್ರಾಸೌಂಡ್ ಇದ್ದರೆ ಇನ್ನೂ ಒಳ್ಳೆಯದು. ಭುಜಕ್ಕೂ ಹೆಚ್ಚಾಗಿ ಅಲ್ಟ್ರಾಸೌಂಡ್ ಸಾಕಾಗುತ್ತದೆ. ತೊಡೆ ಸೊಂಟಕ್ಕೆ ಸೇರುವ ಕೀಲು ಆಳದಲ್ಲಿದೆ, ಅದರ ಮುಂದೆ ದೊಡ್ಡ ರಕ್ತನಾಳ ಮತ್ತು ನರ ಹಾದುಹೋಗುತ್ತವೆ. ಅಲ್ಲಿ ಕಣ್ಣುಮುಚ್ಚಿ ಸೂಜಿ ಹಾಕುವುದು ಸರಿಯಲ್ಲ. ಅಲ್ಟ್ರಾಸೌಂಡ್ ಅಥವಾ ಸಿ-ಆರ್ಮ್ ಬೇಕೇ ಬೇಕು. ದೇಹ ತುಂಬಾ ದಪ್ಪ ಇದ್ದರೆ ಅಲ್ಟ್ರಾಸೌಂಡಿನ ಚಿತ್ರ ಆಳಕ್ಕೆ ಹೋದ ಹಾಗೆ ಮಸುಕಾಗುತ್ತದೆ ಎಂಬುದೂ ನೆನಪಿರಲಿ.

ಎಂಆರ್‌ಐ ನಿಜವಾಗಿ ಉಪಯೋಗಕ್ಕೆ ಬರುವುದು ಬೆನ್ನಿನ ಕೆಳಗೆ ಇರುವ ಸ್ಯಾಕ್ರೊಇಲಿಯಾಕ್ ಕೀಲಿಗೆ. ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಕೂಡುವ ಜಾಗ ಅದು. ಕೀಲು ಓರೆಯಾಗಿ, ಅಂಕುಡೊಂಕಾಗಿ ಇದೆ. ಒಳಗೆ ಹಿಡಿಯುವುದು ಒಂದೆರಡು ಮಿಲಿಲೀಟರ್ ಮಾತ್ರ. ಕೈ ಅಂದಾಜಿನಲ್ಲಿ ಹಾಕಿದರೆ ಸೂಜಿ ಹೆಚ್ಚಿನ ಸಲ ಕೀಲಿನ ಹೊರಗೇ ಉಳಿಯುತ್ತದೆ. ಬೆಳಿಗ್ಗೆ ಏಳುವಾಗ ಬೆನ್ನು ಬಿಗಿ, ಸ್ವಲ್ಪ ನಡೆದಾಡಿದರೆ ಹಗುರ, ಕುಳಿತರೆ ಮತ್ತೆ ಬಿಗಿ: ಹೀಗಿರುವ ಸಣ್ಣ ಪ್ರಾಯದವರಲ್ಲಿ ಈ ಕೀಲಿನ ಉರಿಯೂತ ಇರಬಹುದು. ಎಕ್ಸ್‌ರೇಯಲ್ಲಿ ಏನೂ ಕಾಣದ ಹೊತ್ತಿಗೇ ಎಂಆರ್‌ಐಯಲ್ಲಿ ಎಲುಬಿನೊಳಗಿನ ಊತ ಕಾಣುತ್ತದೆ. ಎಲ್ಲಿ ಊತ ಉಂಟೋ ಅದೇ ಬದಿಗೆ, ಅದೇ ಯಂತ್ರದಲ್ಲಿ ಸೂಜಿ ಮುಟ್ಟಿಸಬಹುದು. ಈ ವಿಧಾನದ ದೊಡ್ಡ ಲಾಭ ಇದೇ.

ಇನ್ನೊಂದು ಲಾಭ, ವಿಕಿರಣ ಇಲ್ಲ. ಸಿ-ಆರ್ಮ್, ಸಿಟಿ ಎರಡರಲ್ಲೂ ಎಕ್ಸ್‌ರೇ ಸೊಂಟದ ಮೂಲಕವೇ ಹಾದುಹೋಗಬೇಕು. ಮಕ್ಕಳಿಗೆ, ಮದುವೆಯ ಪ್ರಾಯದ ಹುಡುಗಿಯರಿಗೆ, ಮತ್ತೆ ಮತ್ತೆ ಇಂಜೆಕ್ಷನ್ ಬೇಕಾಗುವವರಿಗೆ ಇದು ದೊಡ್ಡ ವಿಷಯ. ಮಕ್ಕಳಲ್ಲಿ ಬರುವ ಸಂಧಿವಾತ ದವಡೆಯ ಕೀಲಿಗೂ ತಗಲುತ್ತದೆ. ಅಲ್ಲಿಗೂ ಎಂಆರ್‌ಐ ನೋಡಿ ಸೂಜಿ ಹಾಕುವ ಕ್ರಮ ಉಂಟು. ಸಿ-ಆರ್ಮ್, ಸಿಟಿಯಲ್ಲಿ ಬಳಸುವ ಅಯೋಡಿನ್ ಇರುವ ಔಷಧಿ ಒಗ್ಗದವರಿಗೂ ಇದು ಒಳ್ಳೆಯದು, ಗ್ಯಾಡೊಲಿನಿಯಮಿನಲ್ಲಿ ಅಯೋಡಿನ್ ಇಲ್ಲ.

ಕೊರತೆಗಳನ್ನೂ ಹೇಳಬೇಕು. ಖರ್ಚು ಜಾಸ್ತಿ. ಸಮಯ ಜಾಸ್ತಿ. ಅದಕ್ಕೇ ಆದ ಸೂಜಿ ಬೇಕು, ತರಬೇತಿ ಇರುವ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಚಿತ್ರ ಓದುವ ಡಾಕ್ಟರು ಬೇಕು. ಎಂಆರ್‌ಐ ಯಂತ್ರ ಇರುವ ಎಲ್ಲ ಕಡೆಯೂ ಇದನ್ನು ಮಾಡುವುದಿಲ್ಲ. ಆದ್ದರಿಂದ ಸುಮ್ನೆ ಬಸ್ಸು ಹತ್ತಬೇಡಿ. ಮೊದಲು ಫೋನ್ ಮಾಡಿ ಹೀಗೆ ಕೇಳಿ: "ಎಂಆರ್‌ಐ ಒಳಗೇ ಸೂಜಿ ಹಾಕುತ್ತೀರಾ, ಅಥವಾ ಅಲ್ಟ್ರಾಸೌಂಡಿನಲ್ಲಿ ಹಾಕಿ ಆಮೇಲೆ ಎಂಆರ್‌ಐ ಮಾಡುತ್ತೀರಾ?" ನಮ್ಮ ಕಡೆ ಹೆಚ್ಚಾಗಿ ಸಿಗುವುದು ಎರಡನೆಯದು. ಎಷ್ಟೋ ಜನರಿಗೆ ಅದೇ ಸಾಕು. ಮೊದಲೇ ತೆಗೆದ ಎಂಆರ್‌ಐ ಚಿತ್ರ ಪರದೆಯಲ್ಲಿ ಇಟ್ಟುಕೊಂಡು, ಅದನ್ನು ನೋಡುತ್ತಾ ಅಲ್ಟ್ರಾಸೌಂಡಿನಲ್ಲಿ ಸೂಜಿ ಹಾಕುವ ಡಾಕ್ಟರು ಸಿಕ್ಕಿದರೆ ನಿಶ್ಚಿಂತೆಯಿಂದ ಒಪ್ಪಿಕೊಳ್ಳಿ.

ಮೂರನೇ ಹೆಜ್ಜೆ: ಕಾಗದ, ಸಿಡಿ, ಮಾತು

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಕೆಲವರು ತೆಂಕಕ್ಕೆ, ಪರಿಯಾರದ ಮೆಡಿಕಲ್ ಕಾಲೇಜಿಗೂ ಹೋಗುತ್ತಾರೆ. ಇಂದು ಇಲ್ಲಿ, ಮುಂದಿನ ತಿಂಗಳು ಅಲ್ಲಿ ಎಂದು ತೋರಿಸುವವರು ನಾವು. ಹಾಗಾಗಿ ಸ್ಕ್ಯಾನಿನ ರಿಪೋರ್ಟ್ ಮಾತ್ರ ಸಾಲದು. ಚಿತ್ರಗಳ ಸಿಡಿ ಕೇಳಿ ತೆಗೆದುಕೊಳ್ಳಿ, ಮನೆಯಲ್ಲಿ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಡಿ. ಸೂಜಿ ಹಾಕುವ ಡಾಕ್ಟರಿಗೆ ಬೇಕಾಗುವುದು ಚಿತ್ರ, ಬರೆದ ನಾಲ್ಕು ಸಾಲು ಅಲ್ಲ. 2020ರಲ್ಲಿ ಕೊರೊನಾ ಹೊತ್ತಿಗೆ, ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ, ರಸ್ತೆಗೆ ಮಣ್ಣು ಸುರಿದಾಗ ಚಿಕಿತ್ಸೆಗೆ ಹೋಗುವವರು ಪಟ್ಟ ಪಾಡು ನಮಗೆಲ್ಲ ಗೊತ್ತು. ನಿಮ್ಮ ಚಿತ್ರ ನಿಮ್ಮ ಕೈಯಲ್ಲೇ ಇದ್ದರೆ ಯಾವ ಬದಿಯ ಡಾಕ್ಟರಿಗೂ ತೋರಿಸಬಹುದು.

ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಇದೆ ಎಂದು ಧೈರ್ಯದಲ್ಲಿ ಹೊರಡುವ ಮುಂಚೆ, ಆ ಆಸ್ಪತ್ರೆಯಲ್ಲಿ, ಈ ಕೆಲಸಕ್ಕೆ ಅದು ನಡೆಯುತ್ತದಾ ಎಂದು ವಿಮೆ ಕೌಂಟರಿನಲ್ಲಿ ಕೇಳಿ. ಸ್ಕ್ಯಾನ್, ಸೂಜಿ, ಔಷಧಿ, ಡಾಕ್ಟರ ಫೀಸು ಬೇರೆ ಬೇರೆ ಬಿಲ್ ಆಗುತ್ತದಾ, ಒಟ್ಟಿಗಾ ಎಂಬುದನ್ನೂ ಕೇಳಿಬಿಡಿ.

ಮಾತಿನ ತೊಡಕು ನಮ್ಮ ಕಡೆ ನಿಜವಾದ ಸಮಸ್ಯೆ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಮಾತಾಡಿ, ಕನ್ನಡ ಶಾಲೆಯಲ್ಲಿ ಕಲಿತ ಪ್ರಾಯವಾದವರು ಮಲಯಾಳ ಮಾತ್ರ ಬಲ್ಲ ಡಾಕ್ಟರ ಮುಂದೆ "ಸೊಂಟ ಬೇನೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಸೊಂಟ ಎಂದರೆ ತೊಡೆಸಂದಿಯೂ ಆಗಬಹುದು, ಬೆನ್ನಿನ ಬುಡವೂ ಆಗಬಹುದು. ಎರಡಕ್ಕೂ ಸೂಜಿ ಹೋಗುವ ಜಾಗ ಬೇರೆ. ಒಂದೇ ಬೆರಳಿನಲ್ಲಿ ಮುಟ್ಟಿ ತೋರಿಸಿ. ಒಂದು ಕಾಗದದಲ್ಲಿ ಮನುಷ್ಯನ ಆಕೃತಿ ಬರೆದು, ಬೇನೆ ಇರುವ ಕಡೆ ಗೀಟು ಹಾಕಿಕೊಂಡು ಹೋದರೆ ಇನ್ನೂ ಒಳ್ಳೆಯದು. ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿದ್ದರೂ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ ಎಂದು ಕೇಳುವುದು ನಿಮ್ಮ ಹಕ್ಕು. ಅರ್ಥವಾಗದೆ ಸಹಿ ಹಾಕಬೇಡಿ.

ಡಾಕ್ಟರು ಕೇಳದಿದ್ದರೂ ಹೇಳಬೇಕಾದ ಸಂಗತಿಗಳು ಉಂಟು. ಸಕ್ಕರೆ ಕಾಯಿಲೆ ಇದ್ದರೆ ಹೇಳಿ. ಸ್ಟೀರಾಯ್ಡ್ ಹಾಕಿದ ಮೇಲೆ ಕೆಲವು ದಿನ ಶುಗರ್ ಏರುತ್ತದೆ. ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್‌ನಂಥ ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸ್ವಂತ ಬುದ್ಧಿಯಲ್ಲಿ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಜ್ವರ, ಕೆಮ್ಮು, ಮೂತ್ರದ ಸೋಂಕು, ಸೂಜಿ ಹಾಕುವ ಕಡೆ ಗಾಯ ಅಥವಾ ಕಜ್ಜಿ ಇದ್ದರೆ ದಿನ ಮುಂದೆ ಹಾಕಿಸಿ. ಆ ಕೀಲನ್ನು ಬದಲಿಸುವ ಆಪರೇಷನ್ ಮುಂದಿನ ಮೂರು ತಿಂಗಳೊಳಗೆ ಮಾಡಿಸುವ ಯೋಚನೆ ಇದ್ದರೆ ಸ್ಟೀರಾಯ್ಡ್ ಹಾಕಿಸಬಾರದು, ಸೋಂಕಿನ ಅಪಾಯ ಹೆಚ್ಚುತ್ತದೆ. ಕಿಡ್ನಿಯ ತೊಂದರೆ, ಗರ್ಭಿಣಿಯಾಗಿರುವುದು, ಇವನ್ನೂ ಮುಚ್ಚಿಡಬೇಡಿ.

ನಾಲ್ಕನೇ ಹೆಜ್ಜೆ: ಲೋಹದ ವಿಷಯ

ಇದನ್ನು ದಯವಿಟ್ಟು ಎರಡು ಸಲ ಓದಿ.

ಸಾಮಾನ್ಯ 1.5 ಟೆಸ್ಲಾ ಯಂತ್ರದ ಅಯಸ್ಕಾಂತ ಭೂಮಿಯ ಅಯಸ್ಕಾಂತಕ್ಕಿಂತ ಸುಮಾರು 30,000 ಪಟ್ಟು ಬಲವಾದದ್ದು. ಸ್ಕ್ಯಾನ್ ನಡೆಯದೇ ಇದ್ದಾಗಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಕರೆಂಟ್ ಹೋದರೂ ಆರುವುದಿಲ್ಲ. 2018ರ ಜನವರಿಯಲ್ಲಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದುಕೊಂಡು ಎಂಆರ್‌ಐ ಕೋಣೆಗೆ ಹೋದರು. ಯಂತ್ರ ಸಿಲಿಂಡರಿನೊಟ್ಟಿಗೆ ಅವರನ್ನೂ ಎಳೆದುಕೊಂಡಿತು, ಅವರು ತೀರಿಕೊಂಡರು. ಅವರು ರೋಗಿಯಲ್ಲ, ಜತೆಗೆ ಬಂದವರು. ಆದ್ದರಿಂದ ಈ ಮಾತು ನಿಮ್ಮ ಜತೆ ಬರುವವರಿಗೂ ಹೇಳಿ.

ಹೃದಯದ ಪೇಸ್‌ಮೇಕರ್, ಕಿವಿಯೊಳಗೆ ಕೂರಿಸಿದ ಯಂತ್ರ, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇದ್ದವರು ಅದರ ಕಾರ್ಡು ತರಬೇಕು. ಕೆಲವು ಹೊಸ ಪೇಸ್‌ಮೇಕರ್‌ಗಳಿಗೆ ಎಂಆರ್‌ಐ ಆಗುತ್ತದೆ, ಕೆಲವಕ್ಕೆ ಆಗುವುದಿಲ್ಲ. ಕಾರ್ಡು ನೋಡದೆ ಯಾರೂ ಹೇಳಲಾರರು. ಕೀಲಿಗೆ ಹಾಕಿದ ಪ್ಲೇಟು, ಸ್ಕ್ರೂ ಹೆಚ್ಚಾಗಿ ತೊಂದರೆ ಕೊಡುವುದಿಲ್ಲ, ಆದರೂ ಹೇಳಿಬಿಡಿ.

ನಮ್ಮ ಊರಿನವರಿಗೆ ವಿಶೇಷವಾಗಿ ಹೇಳಬೇಕಾದದ್ದು ಕಣ್ಣಿನ ವಿಷಯ. ಗಲ್ಫಿನಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡಿ ಬಂದವರು ಮನೆ ಮನೆಯಲ್ಲಿ ಇದ್ದಾರೆ. ಎಷ್ಟೋ ವರ್ಷದ ಹಿಂದೆ ಕಣ್ಣಿಗೆ ಹಾರಿದ ಕಬ್ಬಿಣದ ಚೂರು ಅಲ್ಲೇ ಉಳಿದಿದ್ದರೆ, ಅಯಸ್ಕಾಂತದ ಹತ್ತಿರ ಅದು ಕದಲಿ ಕಣ್ಣನ್ನೇ ಹಾಳು ಮಾಡಬಹುದು. "ಆಗ ಡಾಕ್ಟರು ತೆಗೆದಿದ್ದರು, ಈಗ ಏನೂ ಇಲ್ಲ" ಎಂದು ನೀವೇ ತೀರ್ಮಾನಿಸಬೇಡಿ. ಟೆಕ್ನಿಷಿಯನ್‌ಗೆ ಹೇಳಿದರೆ ಒಂದು ಎಕ್ಸ್‌ರೇ ತೆಗೆದು ನೋಡುತ್ತಾರೆ. ಐದು ನಿಮಿಷದ ಕೆಲಸ.

ಇನ್ನು ಮೈಮೇಲಿನದ್ದು. ಕರಿಮಣಿ, ಕಾಲುಂಗುರ, ಕಿವಿಯ ಓಲೆ, ಹೇರ್‌ಪಿನ್, ಮುಂಡಿನ ಮೇಲಿನ ಬೆಲ್ಟ್, ಎಲ್ಲ ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಉಡಿದಾರದಲ್ಲಿ ಕಟ್ಟಿದ ತಾಯಿತವನ್ನು ಜನ ಮರೆಯುತ್ತಾರೆ, ಅಥವಾ ತೆಗೆಯಲು ಹಿಂಜರಿಯುತ್ತಾರೆ. ಸೊಂಟದ ಸ್ಕ್ಯಾನಿಗೆ ಅದು ಸರಿಯಾಗಿ ಚಿತ್ರದ ಮಧ್ಯಕ್ಕೇ ಬರುತ್ತದೆ. ನಂಬಿಕೆಗೆ ಅಡ್ಡಿ ಆಗುವುದಾದರೆ ಮನೆಯಲ್ಲೇ ಹಿರಿಯರ ಹತ್ತಿರ ಕೇಳಿ, ಬಿಚ್ಚಿ ದೇವರ ಕೋಣೆಯಲ್ಲಿಟ್ಟು ಬನ್ನಿ. ನಿಮಗೂ ನೆಮ್ಮದಿ.

ಐದನೇ ಹೆಜ್ಜೆ: ಆ ದಿನ, ಯಂತ್ರದೊಳಗೆ

ಮಂಪರಿನ ಔಷಧಿ ಕೊಡುವುದಾದರೆ ಮಾತ್ರ ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ಹಗುರವಾಗಿ ತಿಂದು ಹೋಗಿ. ಬಾಯಲ್ಲಿ ಎಲೆಯಡಕೆ ಬೇಡ, ಅಲುಗಾಡದೆ ಮಲಗಬೇಕು. ಇಕ್ಕಟ್ಟಾದ ಜಾಗದ ಹೆದರಿಕೆ ಇದ್ದರೆ ಮೊದಲೇ ಹೇಳಿ. ಬಾಯಿ ಅಗಲವಾದ ಯಂತ್ರಗಳು, ಬದಿ ತೆರೆದ ಯಂತ್ರಗಳು ಉಂಟು. ಸೂಜಿ ಹಾಕುವ ಕೆಲಸಕ್ಕೂ ಅವೇ ಅನುಕೂಲ.

ಹೊರಡುವ ಮುಂಚೆ ಬೇನೆಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದಿಡಿ. ಯಾವುದು ಮಾಡಿದರೆ ಬೇನೆ ಬರುತ್ತದೋ ಅದನ್ನೂ ಬರೆಯಿರಿ: ಮೆಟ್ಟಿಲು ಹತ್ತುವುದು, ಕಾಲು ಮಡಚಿ ಕೂರುವುದು, ಮಗ್ಗುಲು ಬದಲಿಸುವುದು. ಆಮೇಲೆ ಇದು ಬೇಕಾಗುತ್ತದೆ.

ಮೊದಲು ಬೇಗ ಬೇಗ ಕೆಲವು ಚಿತ್ರ ತೆಗೆಯುತ್ತಾರೆ. ಚರ್ಮದ ಮೇಲೆ ಗುರುತಿಗೆ ವಿಟಮಿನ್ ಇ ಅಥವಾ ಮೀನೆಣ್ಣೆಯ ಮಾತ್ರೆ ಅಂಟಿಸುವುದು ಉಂಟು. ಅದರೊಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆಯಿಂದ ಕೀಲಿಗೆ ಎಷ್ಟು ಆಳ, ಯಾವ ಓರೆ ಎಂದು ಅಳೆಯುತ್ತಾರೆ. ಹಾಸಿಗೆಯನ್ನು ಹೊರಗೆ ಎಳೆದು, ಚರ್ಮ ಶುದ್ಧ ಮಾಡಿ, ಮರಗಟ್ಟಿಸುವ ಔಷಧಿ ಹಾಕುತ್ತಾರೆ. ಆಗ ಸ್ವಲ್ಪ ಚುರುಕ್ಕೆನ್ನುತ್ತದೆ. ಆಮೇಲೆ ಸೂಜಿಯನ್ನು ಸ್ವಲ್ಪ ಮುಂದೆ ಹಾಕುವುದು, ಒಳಗೆ ತಳ್ಳಿ ಚಿತ್ರ ನೋಡುವುದು, ಹೊರಗೆಳೆದು ಮತ್ತೆ ಸ್ವಲ್ಪ ಮುಂದೆ ಹಾಕುವುದು. ಹೀಗೆ ಕೆಲವು ಸಲ ಒಳಗೆ ಹೊರಗೆ ಆಗಬಹುದು. ಏನೋ ತಪ್ಪಿತು ಎಂದು ಹೆದರಬೇಡಿ, ಕ್ರಮವೇ ಹಾಗೆ. ಎಲ್ಲ ಸೇರಿ ಅರ್ಧದಿಂದ ಒಂದು ಗಂಟೆ ಹಿಡಿಯಬಹುದು.

ಸೂಜಿ ಮಾಮೂಲು ಸ್ಟೀಲಿನದಲ್ಲ. ಮಾಮೂಲು ಸೂಜಿಯನ್ನು ಅಯಸ್ಕಾಂತ ಎಳೆಯಬಹುದು, ಚಿತ್ರದಲ್ಲೂ ಅದು ದೊಡ್ಡ ಕಪ್ಪು ಕಲೆಯಾಗಿ ಕೀಲನ್ನೇ ಮುಚ್ಚಿಬಿಡುತ್ತದೆ. ಅದಕ್ಕೆ ಟೈಟಾನಿಯಂ ಅಥವಾ ಅಂಥದೇ ಬೇರೆ ಮಿಶ್ರಲೋಹದ ಸೂಜಿ. ಅದು ತೆಳು ಕಪ್ಪು ಗೆರೆಯಾಗಿ ಕಾಣುತ್ತದೆ. ಯಂತ್ರದ ಅಯಸ್ಕಾಂತದ ದಿಕ್ಕಿಗೆ ಸೂಜಿ ಅಡ್ಡವಾದರೆ ಗೆರೆ ದಪ್ಪ, ಅದೇ ದಿಕ್ಕಿಗೆ ಹೋದರೆ ಸಣ್ಣ. ನಿಮ್ಮನ್ನು ಓರೆಯಾಗಿ ಮಲಗಿಸಿ, ಅಲುಗಬೇಡಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೂ ಸೇರಿ.

ತುದಿ ಕೀಲು ಮುಟ್ಟಿದ ಮೇಲೆ ಸ್ವಲ್ಪ ಉಪ್ಪುನೀರಿನ ದ್ರವವನ್ನೋ ಔಷಧಿಯನ್ನೋ ಬಿಟ್ಟು ನೋಡುತ್ತಾರೆ. ಅದು ಚಿತ್ರದಲ್ಲಿ ಬೆಳ್ಳಗೆ ಕೀಲಿನ ಉದ್ದಕ್ಕೆ ಹರಡಿದರೆ ಸೂಜಿ ಒಳಗಿದೆ ಎಂದು ಖಾತ್ರಿ. ಪಕ್ಕದ ಮಾಂಸದಲ್ಲೇ ನಿಂತರೆ ಸೂಜಿ ಸರಿಮಾಡುತ್ತಾರೆ. ಆಮೇಲೆ ಉಳಿದ ಔಷಧಿ ಹೋಗುತ್ತದೆ. ಕಾಲಿಗೆ ಶಾಕ್ ಹೊಡೆದ ಹಾಗೆ ಆದರೆ ಸುಮ್ಮನಿರಬೇಡಿ. ಕೈಯಲ್ಲಿ ಕೊಟ್ಟಿರುವ ಗುಂಡಿ ಒತ್ತಿ, ಕೂಡಲೇ ಹೇಳಿ.

ಆರನೇ ಹೆಜ್ಜೆ: ಮೊದಲ ಕೆಲವು ಗಂಟೆಗಳು

ಜನ ಹೆಚ್ಚಾಗಿ ಕಳೆದುಕೊಳ್ಳುವುದು ಈ ಹೊತ್ತನ್ನು. ಔಷಧಿಯಲ್ಲಿ ಎರಡು ಬಗೆ ಇರುತ್ತದೆ. ಮರಗಟ್ಟಿಸುವ ಔಷಧಿ ಕೆಲವು ನಿಮಿಷದಲ್ಲೇ ಕೆಲಸ ಮಾಡುತ್ತದೆ, ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಸ್ಟೀರಾಯ್ಡ್ ಹಿಡಿತ ತೋರಿಸಲು ಎರಡು ಮೂರು ದಿನದಿಂದ ಒಂದು ವಾರ ಬೇಕು. ಹಾಗಾದರೆ ಮೊದಲ ಗಂಟೆಯಲ್ಲಿ ಬೇನೆ ಹೋಯಿತೋ ಇಲ್ಲವೋ ಎಂಬುದೇ ಒಂದು ಪರೀಕ್ಷೆ. ಬೇನೆ ನಿಜವಾಗಿ ಆ ಕೀಲಿನದೇ ಆಗಿದ್ದರೆ, ಅದು ಮರಗಟ್ಟಿದ ಕೂಡಲೇ ಹಗುರ ಆಗಬೇಕು. ಸೂಜಿ ಒಳಗಿದೆ ಎಂದು ಚಿತ್ರದಲ್ಲೇ ಖಾತ್ರಿಯಾಗಿದ್ದೂ ಬೇನೆ ಸ್ವಲ್ಪವೂ ಕಡಿಮೆಯಾಗದಿದ್ದರೆ ಮೂಲ ಬೇರೆ ಕಡೆ ಇರಬಹುದು, ಹೆಚ್ಚಾಗಿ ಬೆನ್ನುಹುರಿಯಿಂದ ಬರುವ ನರದಲ್ಲಿ. ದಾರಿ ನೋಡಿ ಹಾಕಿದ ಸೂಜಿಗೆ ಇಷ್ಟು ಬೆಲೆ ಇರುವುದು ಇದಕ್ಕೇ. ಅಂದಾಜಿನಲ್ಲಿ ಹಾಕಿದ್ದರೆ ಸೂಜಿ ತಪ್ಪಿತೋ, ರೋಗನಿರ್ಣಯ ತಪ್ಪಿತೋ ತಿಳಿಯುವುದೇ ಇಲ್ಲ.

ಆದ್ದರಿಂದ ಅರ್ಧ ಗಂಟೆಯ ಹೊತ್ತಿಗೆ, ಎರಡು ಗಂಟೆಗೆ, ರಾತ್ರಿಗೆ ಅಂಕ ಬರೆಯಿರಿ. ಡಾಕ್ಟರು ಬೇಡ ಎನ್ನದಿದ್ದರೆ, ಮೊದಲು ಬೇನೆ ಬರುತ್ತಿದ್ದ ಅದೇ ಚಲನೆಯನ್ನು ಮೆಲ್ಲಗೆ ಮಾಡಿ ನೋಡಿ. ಸ್ಕೂಟರ್, ಕಾರು ನೀವು ಓಡಿಸಬೇಡಿ. ಕಾಲು ಸೋಲಬಹುದು. ಮಂಗಳೂರಿನಿಂದ ವಾಪಸು ಬರಲು ಜತೆಗೆ ಒಬ್ಬರು ಬೇಕೇ ಬೇಕು.

ಏಳನೇ ಹೆಜ್ಜೆ: ಮನೆಗೆ ಬಂದ ಮೇಲೆ

ಒಂದೆರಡು ದಿನ ಆ ಕೀಲಿಗೆ ಭಾರ ಬೇಡ. ತೋಟಕ್ಕೆ ಇಳಿಯುವುದು, ಅಡಕೆ ಸೋಗೆ ಎಳೆಯುವುದು, ನೀರಿನ ಕೊಡ ಹೊರುವುದು ಬೇಡ. ಮೊದಲ ದಿನ ಎರಡು ದಿನ ಬೇನೆ ಜಾಸ್ತಿಯಾಗುವುದು ಉಂಟು. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಡಾಕ್ಟರು ಹೇಳಿದ ಮಾತ್ರೆ ತಿನ್ನಿ. ತೈಲ ಹಾಕಿ ಉಜ್ಜುವುದು, ಬಿಸಿ ಶಾಖ ಕೊಡುವುದು ಕೆಲವು ದಿನ ಬೇಡ. ಮುಖ ಕೆಂಪಾಗಿ ಬಿಸಿ ಏರುವುದು ಕೆಲವರಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ. ಶುಗರ್ ಇದ್ದವರು ಒಂದು ವಾರ ದಿನಕ್ಕೆ ಎರಡು ಸಲ ಪರೀಕ್ಷಿಸಿ, ತೀರಾ ಏರಿದರೆ ಡಾಕ್ಟರಿಗೆ ಫೋನ್ ಮಾಡಿ.

ಒಂದೇ ಒಂದು ವಿಷಯಕ್ಕೆ ಕಾಯಬಾರದು. ಎರಡು ದಿನ ಕಳೆದೂ ಬೇನೆ ಏರುತ್ತಲೇ ಇದ್ದರೆ, ಜ್ವರ ಬಂದರೆ, ಜಾಗ ಕೆಂಪಾಗಿ ಬಿಸಿಯಾಗಿ ಊದಿದರೆ, ಅದು ಕೀಲಿನೊಳಗಿನ ಸೋಂಕು ಇರಬಹುದು. ಅಪರೂಪ, ಆದರೆ ಕೀಲನ್ನೇ ತಿಂದುಬಿಡುತ್ತದೆ. ಸೋಮವಾರ ತೋರಿಸುವ ಎನ್ನಬೇಡಿ. ಅದೇ ದಿನ ಹತ್ತಿರದ ತುರ್ತು ಚಿಕಿತ್ಸೆಗೆ ಹೋಗಿ, ಕೀಲಿಗೆ ಇಂಜೆಕ್ಷನ್ ಹಾಕಿಸಿದ್ದೇನೆ ಎಂದು ಮೊದಲ ಮಾತಲ್ಲೇ ಹೇಳಿ.

ಮತ್ತೆ ಯಾವಾಗ?

ಒಂದೇ ಕೀಲಿಗೆ ಮೂರು ತಿಂಗಳೊಳಗೆ ಮತ್ತೊಂದು ಸ್ಟೀರಾಯ್ಡ್ ಸಾಮಾನ್ಯವಾಗಿ ಹಾಕುವುದಿಲ್ಲ. ಮೂರು ತಿಂಗಳಿಗೊಂದು ಹಾಕಿಸುತ್ತಲೇ ಇರಬಹುದು ಎಂದೂ ಇದರ ಅರ್ಥ ಅಲ್ಲ. ಮೊಣಕಾಲು ಸವೆದ 140 ಜನರ ಮೇಲೆ ಅಮೆರಿಕದಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷ ಮೂರು ಮೂರು ತಿಂಗಳಿಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಹಾಕಿದರು. ಬರೀ ಉಪ್ಪುನೀರು ಹಾಕಿದವರಿಗಿಂತ ಅವರ ಮೆದು ಎಲುಬು ಹೆಚ್ಚು ಸವೆದಿತ್ತು. ಬೇನೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇಂಜೆಕ್ಷನ್ ಕೊಡುವುದು ಬೇನೆ ಇಲ್ಲದ ಕೆಲವು ವಾರಗಳನ್ನು. ಆ ವಾರಗಳಲ್ಲಿ ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ಮಾಡಿ, ಕೀಲಿನ ಸುತ್ತಲಿನ ಮಾಂಸಖಂಡ ಗಟ್ಟಿ ಮಾಡಿಕೊಳ್ಳಬೇಕು.

ಎರಡನೇ ಸಲ ಹೋಗುವಾಗ ಅಂಕ ಬರೆದ ಕಾಗದ, ಹಳೇ ಸಿಡಿ, ಹಾಕಿದ ಔಷಧಿಯ ಹೆಸರು ಮತ್ತು ಪ್ರಮಾಣ ಇರುವ ಚೀಟಿ, ಮೂರೂ ಒಟ್ಟಿಗೆ ತೆಗೆದುಕೊಂಡು ಹೋಗಿ. ಮೊದಲ ಗಂಟೆಯಲ್ಲಿ ಹಗುರವಾಗಿ, ಆಮೇಲೆ ಮೊದಲಿನಂತೆ ಆದರೆ ಕೀಲು ಅದೇ, ಔಷಧಿ ಸಾಲಲಿಲ್ಲ. ಮೊದಲ ಗಂಟೆಯಲ್ಲೂ ಏನೂ ಆಗಲಿಲ್ಲ ಎಂದಾದರೆ ಅದೇ ಕೀಲಿಗೆ ಇನ್ನೊಂದು ಸೂಜಿ ಬೇಡ. ಬೆನ್ನನ್ನು ಪರೀಕ್ಷಿಸಿ ಎಂದು ಕೇಳಿ.